ಪ್ಲ್ಯಾನ್ ಸರಿಯಿಲ್ಲದ ಫ್ಲ್ಯಾಟ್ ಕೊಳ್ಳುವ ಮೊದಲು ರಿಪೇರಿ ಖರ್ಚಿನ ಲೆಕ್ಕ ಹಾಕಿ

ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಹಳೆಯ ಫ್ಲ್ಯಾಟ್ ನೋಡಲು ಹೊರಟರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ರೇಟು ಕಡಿಮೆ ಇದೆ, ಪ್ಲ್ಯಾನ್ ಸ್ವಲ್ಪ ಹಿಂದೆಮುಂದೆ ಇದೆ ಅಷ್ಟೇ, ಒಂದು ಗೋಡೆ ಒಡೆದ್ರೆ ಸರಿಹೋಗುತ್ತೆ." ಆ ಒಂದು ಗೋಡೆಗೆ ಎಷ್ಟು ಖರ್ಚಾಗುತ್ತದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಅದಕ್ಕೇ ಈ ಲೇಖನ. ಟೋಕನ್ ಅಡ್ವಾನ್ಸ್ ಕೊಡುವ ಮೊದಲು ಮಾಡಬೇಕಾದ ಕೆಲಸಗಳನ್ನೇ ಇಲ್ಲಿ ಜಾಸ್ತಿ ಹೇಳಿದ್ದೇನೆ. ಅಡ್ವಾನ್ಸ್ ಕೊಟ್ಟ ಮೇಲೆ ಮನಸ್ಸು ಆ ಮನೆಗೆ ಅಂಟಿಕೊಂಡುಬಿಡುತ್ತದೆ, ಆಮೇಲೆ ಹಾಕುವ ಲೆಕ್ಕ ನಮಗೆ ಬೇಕಾದ ಹಾಗೆಯೇ ಬರುತ್ತದೆ.

ಮೊದಲು ಟೇಪು ಹಿಡಿಯಿರಿ

ಎರಡನೇ ಸಲ ಫ್ಲ್ಯಾಟ್ ನೋಡಲು ಹೋಗುವಾಗ ಅಳತೆ ಟೇಪು, ಚೌಕುಳಿ ಹಾಳೆಯ ಪುಸ್ತಕ, ಟಾರ್ಚು ಕೈಯಲ್ಲಿರಲಿ. ಬ್ರೋಕರ್ ಹೇಳುವ 1,200 ಚದರ ಅಡಿ ಸಾಮಾನ್ಯವಾಗಿ ಸೂಪರ್ ಬಿಲ್ಟ್ ಅಪ್ ಲೆಕ್ಕ. ಅದರಲ್ಲಿ ಮೆಟ್ಟಿಲು, ಲಾಬಿ, ಹೊರಗೋಡೆ ಎಲ್ಲವೂ ಸೇರಿರುತ್ತವೆ. ನಿಮಗೆ ಬೇಕಾದದ್ದು ಕಾರ್ಪೆಟ್ ಏರಿಯಾ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ ಹೊರಗೋಡೆ, ಡಕ್ಟ್ (ಪೈಪುಗಳು ಇಳಿಯುವ ಕಿಂಡಿ), ಬಾಲ್ಕನಿ ಬಿಟ್ಟು ಒಳಗೆ ಬಳಕೆಗೆ ಸಿಗುವ ಜಾಗ ಅದು. ಗೋಡೆಗಳ ಪೈಕಿ ಒಳಗಿನ ಅಡ್ಡಗೋಡೆಗಳು ಮಾತ್ರ ಅದರಲ್ಲಿ ಸೇರುತ್ತವೆ.

ಪ್ಯಾಸೇಜನ್ನು ಬೇರೆಯಾಗಿಯೇ ಅಳೆಯಿರಿ. 14 ಅಡಿ ಉದ್ದ, ಮೂರೂವರೆ ಅಡಿ ಅಗಲದ ಕತ್ತಲೆ ಪ್ಯಾಸೇಜು ಅಂದರೆ 49 ಚದರ ಅಡಿ. ಚದರ ಅಡಿಗೆ 4,500 ರೂಪಾಯಿ ಅಂದುಕೊಂಡರೆ ಬರೀ ಓಡಾಡುವ ಜಾಗಕ್ಕೆ ಎರಡು ಲಕ್ಷದ ಮೇಲೆ ಕೊಟ್ಟ ಹಾಗಾಯಿತು. ಚೌಕಾಸಿಗೆ ಕೂತಾಗ ಈ ಅಂಕಿ ಕೆಲಸಕ್ಕೆ ಬರುತ್ತದೆ.

ಮೂಲೆಗಳಲ್ಲಿ ಕಾಲಂ ಎಷ್ಟು ಒಳಗೆ ಬಂದಿದೆ, ಬೀಮಿನ ಕೆಳಗೆ ಎತ್ತರ ಎಷ್ಟು, ಬಾಗಿಲು ತೆರೆದಾಗ ಎಲ್ಲಿಗೆ ತಗಲುತ್ತದೆ, ಇದೆಲ್ಲ ಬರೆದುಕೊಳ್ಳಿ. ಮನೆಗೆ ಬಂದು ನಿಮ್ಮ ಹತ್ತಿರ ಈಗಿರುವ ಮಂಚ, ಬೀರು, ಫ್ರಿಜ್ಜು, ವಾಷಿಂಗ್ ಮೆಷೀನಿನ ಅಳತೆ ತೆಗೆದು ಅದೇ ಹಾಳೆಯ ಮೇಲೆ ಕೂರಿಸಿ ನೋಡಿ. ಎಷ್ಟೋ ಸಲ 'ಚಿಕ್ಕ ರೂಮು' ಅನಿಸಿದ್ದು ನಿಜಕ್ಕೂ ಚಿಕ್ಕದಲ್ಲ, ಬಾಗಿಲು ತಪ್ಪು ಜಾಗದಲ್ಲಿರುತ್ತದೆ ಅಷ್ಟೇ. ಬಾಗಿಲಿನ ಕೀಲು ಬಲಗಡೆಯಿಂದ ಎಡಗಡೆಗೆ ಹೋದರೆ ಬೀರು ಕೂರುತ್ತದೆ. ಒಬ್ಬ ಕಾರ್ಪೆಂಟರ್ ಅರ್ಧ ದಿನದಲ್ಲಿ ಮುಗಿಸುವ ಕೆಲಸ ಅದು.

ಆಮೇಲೆ ತೊಂದರೆಗಳ ಪಟ್ಟಿ ಮಾಡಿ. ಅಡುಗೆಮನೆ ದಾಟಿ ಬಚ್ಚಲಿಗೆ ಹೋಗಬೇಕು, ಹಾಲ್‌ನಲ್ಲಿ ಕೂತರೆ ಟಾಯ್ಲೆಟ್ ಬಾಗಿಲು ಕಾಣುತ್ತದೆ, ಮೂರನೇ ರೂಮಿಗೆ ಎರಡನೇ ರೂಮಿನ ಮೂಲಕವೇ ದಾರಿ, ಹೀಗೆ. ಪ್ರತಿಯೊಂದರ ಮುಂದೆ ಅದು ಯಾರಿಗೆ ತೊಂದರೆ, ದಿನಕ್ಕೆ ಎಷ್ಟು ಸಲ ಅಂತ ಬರೆಯಿರಿ. ವಯಸ್ಸಾದ ಅತ್ತೆ ರಾತ್ರಿ ಎರಡು ಸಲ ಎದ್ದು ಅಡುಗೆಮನೆ ದಾಟಿ ಬಚ್ಚಲಿಗೆ ಹೋಗಬೇಕು ಅಂದರೆ ಅದು ದೊಡ್ಡ ವಿಷಯ. ವರ್ಷಕ್ಕೆ ನಾಲ್ಕು ಸಲ ಬರುವ ನೆಂಟರಿಗೆ ರೂಮು ಸಣ್ಣದಾಯಿತು ಅನ್ನುವುದು ಅಷ್ಟು ದೊಡ್ಡದಲ್ಲ, ಅದಕ್ಕೆ ಲಕ್ಷಗಟ್ಟಲೆ ಸುರಿಯಬೇಕಾಗಿಲ್ಲ.

ಗೋಡೆ, ಪೈಪು, ಬೆಳಕು

ಈಗ ಪಟ್ಟಿಯಲ್ಲಿರುವ ಒಂದೊಂದು ತೊಂದರೆಯನ್ನೂ ಈ ಮೂರರಲ್ಲಿ ಯಾವುದಕ್ಕೆ ಸೇರಿದ್ದು ಅಂತ ವಿಂಗಡಿಸಿ. ನನ್ನ ಮಟ್ಟಿಗೆ ಇಡೀ ಲೆಕ್ಕದಲ್ಲಿ ಮುಖ್ಯವಾದ ಹಂತ ಇದೇ. ಗೋಡೆಯ ತೊಂದರೆ ದುಡ್ಡಿನಿಂದ ಸರಿಹೋಗುತ್ತದೆ. ಪೈಪಿನ ತೊಂದರೆಗೆ ದುಡ್ಡಿನ ಜೊತೆ ಕೆಳಗಿನ ಮನೆಯವರ ಸಹಕಾರವೂ ಬೇಕು. ಬೆಳಕಿನ ತೊಂದರೆ ಎಷ್ಟು ಖರ್ಚು ಮಾಡಿದರೂ ಹಾಗೇ ಉಳಿಯುತ್ತದೆ.

ಗೋಡೆಯಿಂದ ಶುರು ಮಾಡೋಣ. ಕಾಲಂ, ಬೀಮು ಇರುವ ಕಟ್ಟಡದಲ್ಲಿ ನಾಲ್ಕು ಇಂಚಿನ ಅಡ್ಡಗೋಡೆ ಸಾಮಾನ್ಯವಾಗಿ ಭಾರ ಹೊರುವುದಿಲ್ಲ, ತೆಗೆಯಬಹುದು. ಆದರೆ ನಮ್ಮ ಕಡೆ ಎರಡು, ಮೂರು ಅಂತಸ್ತಿನ ಹಳೆಯ ಕಟ್ಟಡಗಳಲ್ಲಿ ಗೋಡೆಯ ಮೇಲೇ ಸ್ಲ್ಯಾಬ್ ಕೂತಿರುವುದೂ ಉಂಟು. ಒಳಗಿನ ಗೋಡೆ ಎಂಟು ಒಂಬತ್ತು ಇಂಚು ದಪ್ಪ ಇದ್ದರೆ ಅಲ್ಲೇ ನಿಲ್ಲಿ. ಬೆರಳಿನಿಂದ ತಟ್ಟಿ ನೋಡಿ "ಇದು ಭಾರದ ಗೋಡೆ ಅಲ್ಲ" ಅನ್ನುವವರ ಮಾತು ನಂಬಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆದು ತೋರಿಸಿ, ಬರಹದಲ್ಲಿ ಅಭಿಪ್ರಾಯ ತಗೊಳ್ಳಿ. ಇಡೀ ಕೆಲಸದ ಖರ್ಚಿನ ಮುಂದೆ ಅವರ ಫೀಸು ತೀರಾ ಸಣ್ಣದು. ಕಾಲಂ, ಬೀಮು, ಸ್ಲ್ಯಾಬ್ ಮುಟ್ಟುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ (1972) ಪ್ರಕಾರವೂ ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನು ಉಳಿದ ಮಾಲೀಕರೆಲ್ಲರ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ.

ಒಡೆಯುವುದು ಅಗ್ಗ, ಒಡೆದ ಮೇಲಿನ ಕೆಲಸ ದುಬಾರಿ. ಹತ್ತು ಅಡಿ ಉದ್ದ, ಹತ್ತು ಅಡಿ ಎತ್ತರ, ನಾಲ್ಕು ಇಂಚು ದಪ್ಪದ ಸಾಲಿಡ್ ಬ್ಲಾಕ್ ಗೋಡೆ ಹತ್ತಿರ ಹತ್ತಿರ ಎರಡು ಟನ್ ತೂಗುತ್ತದೆ. ಅಷ್ಟನ್ನೂ ಚೀಲಕ್ಕೆ ತುಂಬಿ ಮೆಟ್ಟಿಲಲ್ಲಿ ಇಳಿಸಿ, ಪಿಕಪ್ಪಿನಲ್ಲಿ ಹಾಕಿ ಸಾಗಿಸಬೇಕು. ಲಿಫ್ಟಿನಲ್ಲಿ ಸಿಮೆಂಟ್ ಚೂರು ಇಳಿಸಲು ಉಳಿದ ಮನೆಯವರು ಒಪ್ಪುವುದು ಕಷ್ಟ.

ಅತ್ತಿಗೆಯ ಜೊತೆ ಮಡಿಕೇರಿಯಲ್ಲಿ ಒಂದು ಫ್ಲ್ಯಾಟ್ ನೋಡಲು ಹೋಗಿದ್ದಾಗ ಹಾಲ್ ಮತ್ತು ಡೈನಿಂಗ್ ಮಧ್ಯದ ಗೋಡೆ ತೆಗೆಯುವ ಮಾತು ಬಂತು. ಗಾರೆ ಮೇಸ್ತ್ರಿ ಗೋಡೆಯನ್ನು ನೋಡಲೇ ಇಲ್ಲ. ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಎರಡೂ ಕಡೆಯ ನೆಲಕ್ಕೆ ಮಟ್ಟದ ಪಟ್ಟಿ ಇಟ್ಟು ನೋಡಿದರು. "ಅಕ್ಕಾ, ಗೋಡೆ ತೆಗೆಯೋದು ಒಂದು ದಿನದ ಕೆಲಸ. ಈ ಕಡೆ ನೆಲ ಅರ್ಧ ಇಂಚು ಮೇಲಿದೆ. ಗೋಡೆ ಇದ್ದ ಜಾಗದಲ್ಲಿ ಟೈಲ್ಸ್ ಇರಲ್ಲ, ಈ ಡಿಸೈನ್ ಈಗ ಸಿಗಲ್ಲ. ಎರಡೂ ಕಡೆ ಹೊಸ ನೆಲ ಹಾಕ್ಬೇಕಾಗುತ್ತೆ." ನೆಲ ಎತ್ತರಿಸಿದರೆ ಬಾಗಿಲುಗಳ ಕೆಳಗೆ ಕತ್ತರಿಸಬೇಕು, ಸ್ಕರ್ಟಿಂಗ್ ಬದಲಾಯಿಸಬೇಕು. ಗೋಡೆಯಲ್ಲಿದ್ದ ಸ್ವಿಚ್‌ಬೋರ್ಡು, ವೈರಿಂಗ್ ಬೇರೆ ಕಡೆ ಹೋಗಬೇಕು. ಸೀಲಿಂಗಿನ ಗೆರೆ ಮುಚ್ಚಿದ ಮೇಲೆ ಇಡೀ ಹಾಲ್‌ಗೆ ಬಣ್ಣ ಹೊಡೆಯಬೇಕು. ಗೋಡೆ ಒಡೆಯುವ ಖರ್ಚು ಕೇಳುವಾಗ ಈ ಸರಪಳಿಯ ಕೊನೆಯವರೆಗೂ ಕೇಳಿ.

ಪೈಪಿನ ವಿಷಯ ಇನ್ನೂ ಸೂಕ್ಷ್ಮ. ಟಾಯ್ಲೆಟ್ಟನ್ನು ಈಗಿರುವ ಡಕ್ಟಿನಿಂದ ಎಂಟು ಅಡಿ ದೂರಕ್ಕೆ ಒಯ್ಯಬೇಕು ಅಂದುಕೊಳ್ಳಿ. ನಾಲ್ಕು ಇಂಚಿನ ಪೈಪಿಗೆ 40 ಅಡಿಗೆ ಒಂದು ಅಡಿಯಷ್ಟು ಇಳಿಜಾರು ಕೊಟ್ಟರೆ ಎಂಟು ಅಡಿಗೆ ಸುಮಾರು ಎರಡೂವರೆ ಇಂಚು ಆಯಿತು. ಪೈಪಿನ ದಪ್ಪ ನಾಲ್ಕು ಇಂಚು. ಮೇಲೆ ಕಾಂಕ್ರೀಟು, ಟೈಲ್ಸ್ ಸೇರಿ ಎರಡು ಇಂಚು. ಒಟ್ಟು ಎಂಟು ಒಂಬತ್ತು ಇಂಚು ನೆಲ ಎತ್ತರಿಸಬೇಕು, ಅಂದರೆ ಒಂದು ಮೆಟ್ಟಿಲಿಗಿಂತ ಜಾಸ್ತಿ. ಟಾಯ್ಲೆಟ್ ಇರುವ ಜಾಗದಲ್ಲಿ ಸ್ಲ್ಯಾಬ್ ಮೊದಲೇ ತಗ್ಗಿಸಿರುತ್ತಾರೆ, ಬೇರೆ ಕಡೆ ಆ ತಗ್ಗು ಇರುವುದಿಲ್ಲ. ನೆಲ ಎತ್ತರಿಸುವುದು ಬೇಡ ಅಂದರೆ ಸ್ಲ್ಯಾಬ್ ತೂತು ಮಾಡಿ ಕೆಳಗಿನ ಮನೆಯ ಸೀಲಿಂಗಿನಲ್ಲಿ ಪೈಪು ಹಾಯಿಸಬೇಕು. ಯಾರು ಒಪ್ಪುತ್ತಾರೆ ಹೇಳಿ? ನಿಮ್ಮ ಹೊಸ ಬಚ್ಚಲು ಅವರ ಮಲಗುವ ಕೋಣೆಯ ಮೇಲೆ ಬಂದರೆ ಒಂದು ಹನಿ ಸೋರಿದರೂ ಜಗಳ ಗ್ಯಾರಂಟಿ.

ಹಾಗಾಗಿ ಟಾಯ್ಲೆಟ್ ಇದ್ದಲ್ಲೇ ಇರಲಿ, ಬಾಗಿಲಿನ ದಿಕ್ಕು ಮಾತ್ರ ಬದಲಾಯಿಸಲು ಆಗುತ್ತದಾ ನೋಡಿ. ಅಡುಗೆಮನೆ ಸಿಂಕಿನ ಪೈಪು ಸಣ್ಣದು, ಅದನ್ನು ಮೂರ್ನಾಲ್ಕು ಅಡಿ ಜರುಗಿಸುವುದು ಅಷ್ಟು ಕಷ್ಟವಲ್ಲ. ವಾಸ್ತು ನೋಡುವವರಾದರೆ ಕೊಳ್ಳುವ ಮೊದಲೇ ನೋಡಿಸಿ. ರಿಜಿಸ್ಟ್ರೇಷನ್ ಆದ ಮೇಲೆ ಯಾರೋ ಹಿರಿಯರು ಬಂದು ಅಡುಗೆಮನೆ ಅಗ್ನಿಮೂಲೆಗೆ ಬರಬೇಕು ಅಂದರೆ ನೀರು, ಗ್ಯಾಸ್, ಹೊಗೆ ಹೋಗುವ ದಾರಿ ಎಲ್ಲವನ್ನೂ ಹೊತ್ತೊಯ್ಯಬೇಕಾಗುತ್ತದೆ. ಆ ಖರ್ಚು ಬೇಡ ಅನ್ನಿಸಿದರೆ ಆ ಫ್ಲ್ಯಾಟೇ ಬೇಡ.

ಇನ್ನು ಬೆಳಕು. ಮಡಿಕೇರಿ ಇಳಿಜಾರಿನ ಊರು. ರಸ್ತೆ ಕಡೆಯಿಂದ ಎರಡನೇ ಮಹಡಿ ಅನಿಸಿದ್ದು ಹಿಂದಿನಿಂದ ನೆಲಮಟ್ಟದಲ್ಲಿರಬಹುದು, ಹಿಂದಿನ ರೂಮಿನ ಕಿಟಕಿ ಬರೆಗೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆಗೆ, ಮುಖ ಮಾಡಿರಬಹುದು. ಅಂಥ ರೂಮಿಗೆ ಬಿಸಿಲೂ ಬರುವುದಿಲ್ಲ, ಗಾಳಿಯೂ ಆಡುವುದಿಲ್ಲ, ಮಳೆಗಾಲ ಮುಗಿಯುವ ಹೊತ್ತಿಗೆ ಗೋಡೆ ಹಸಿರಾಗಿರುತ್ತದೆ. ಅದರ ಜೊತೆಗೆ ಭಯವೂ ಇದೆ. 2018ರ ಆಗಸ್ಟ್ ನೋಡಿದವರಿಗೆ ಬರೆ ಕುಸಿತ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ತಡೆಗೋಡೆ ಇದೆಯಾ, ಅದರಲ್ಲಿ ನೀರು ಹೊರಬರಲು ಪೈಪು ಬಿಟ್ಟಿದ್ದಾರಾ, ಮಳೆಯಲ್ಲಿ ಆ ಪೈಪುಗಳಿಂದ ನೀರು ಬರುತ್ತದಾ, ಗೋಡೆ ಉಬ್ಬಿದೆಯಾ, ಇವನ್ನು ಕಣ್ಣಾರೆ ನೋಡಿ. ಕುಶಾಲನಗರದಲ್ಲಾದರೆ ಇಷ್ಟು ಮಳೆ ಇಲ್ಲ, ಆದರೆ 2018 ಮತ್ತು 2019ರಲ್ಲಿ ಕಾವೇರಿ ಉಕ್ಕಿ ಬಡಾವಣೆಗಳಿಗೆ ನೀರು ನುಗ್ಗಿತ್ತು. ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಪಕ್ಕದ ಅಂಗಡಿಯವರನ್ನು ಕೇಳಿದರೆ ಕೈ ಮಾಡಿ ತೋರಿಸುತ್ತಾರೆ.

ಬೆಳಕಿನ ತೊಂದರೆ ಒಂದು ರೂಮಿಗೆ ಮಾತ್ರ ಇದ್ದರೆ ಅದನ್ನು ಸ್ಟೋರ್ ಮಾಡಿಕೊಳ್ಳಬಹುದಾ ಯೋಚಿಸಿ. ಹಾಲ್‌ಗೂ ಅಡುಗೆಮನೆಗೂ ಇದ್ದರೆ ನಾನಂತೂ ಬೇಡ ಅನ್ನುತ್ತೇನೆ, ರೇಟು ಎಷ್ಟೇ ಇಳಿದರೂ.

ಸಾಧ್ಯವಾದರೆ ಮಳೆಗಾಲದಲ್ಲೊಮ್ಮೆ ನೋಡಿ

ಏಪ್ರಿಲ್‌ನಲ್ಲಿ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಜುಲೈ, ಆಗಸ್ಟಿನಲ್ಲಿ ಒಂದು ಸಲ ಹೋಗಿ. ಆಗುವುದಿಲ್ಲವಾದರೆ ಬೇಸಿಗೆಯಲ್ಲೂ ಗುರುತು ಸಿಗುತ್ತದೆ. ಗೋಡೆ ಬೀರುವಿನ ಬಾಗಿಲು ತೆಗೆದು ತಲೆ ಒಳಗೆ ಹಾಕಿ ಮೂಸಿ ನೋಡಿ, ಬೂಷ್ಟಿನ ವಾಸನೆ ಬಣ್ಣ ಬಳಿದರೂ ಹೋಗಿರುವುದಿಲ್ಲ. ಸ್ವಿಚ್‌ಬೋರ್ಡಿನ ಸ್ಕ್ರೂಗಳು ತುಕ್ಕು ಹಿಡಿದಿವೆಯಾ? ಬಚ್ಚಲ ಬಾಗಿಲ ಚೌಕಟ್ಟಿನ ಕಾಲು ಉಬ್ಬಿದೆಯಾ? ಕಿಟಕಿಯ ಕೆಳಗಿನ ಒಂದು ಮೂಲೆಗೆ ಮಾತ್ರ ಹೊಸ ಬಣ್ಣ ಬಿದ್ದಿದೆಯಾ? ಕೆಳಗಿನ ಮನೆಯವರನ್ನು ಮಾತಾಡಿಸಿ, ಅವರ ಬಚ್ಚಲ ಸೀಲಿಂಗ್ ನೋಡಿ. ನೀವು ಕೊಳ್ಳುವ ಮನೆಯ ಸೋರಿಕೆ ಕಾಣುವುದು ಅಲ್ಲೇ.

ಯುಟಿಲಿಟಿಯನ್ನೋ ಬಾಲ್ಕನಿಯನ್ನೋ ಒಳಗೆ ಸೇರಿಸಿ ಅಡುಗೆಮನೆ ದೊಡ್ಡದು ಮಾಡೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಎಲ್ಲಿ ಒಣಗಿಸುತ್ತೀರಿ? ಒದ್ದೆ ಕೊಡೆ, ರೇನ್‌ಕೋಟು, ಕೆಸರಿನ ಗಂಬೂಟು ಎಲ್ಲಿಡುತ್ತೀರಿ? ಈ ಊರಲ್ಲಿ ಮಾಡಿನ ಕೆಳಗಿನ ಗಾಳಿಯಾಡುವ ಜಾಗಕ್ಕೆ ರೂಮಿನಷ್ಟೇ ಬೆಲೆ ಇದೆ. ಅದನ್ನು ಮುಚ್ಚಬೇಡಿ.

ಕೊಟೇಶನ್ ಕೇಳುವ ರೀತಿ

"ಒಟ್ಟು ಎಷ್ಟಾಗುತ್ತೆ?" ಅಂತ ಕೇಳಿದರೆ ಬಾಯಿಗೆ ಬಂದ ಅಂಕಿ ಹೇಳುತ್ತಾರೆ. ಕೆಲಸಗಳನ್ನು ಬಿಡಿಬಿಡಿಯಾಗಿ ಬರೆದ ಒಂದೇ ಪಟ್ಟಿಯನ್ನು ಇಬ್ಬರು ಮೂವರಿಗೆ ಕೊಡಿ: ಒಡೆಯುವುದು, ಚೂರು ಸಾಗಿಸುವುದು, ಗಾರೆ, ಪ್ಲಂಬಿಂಗ್, ವಾಟರ್‌ಪ್ರೂಫಿಂಗ್, ವೈರಿಂಗ್, ಟೈಲ್ಸ್ ಮತ್ತು ಹಾಕುವ ಕೂಲಿ, ಮರದ ಕೆಲಸ, ಪುಟ್ಟಿ, ಬಣ್ಣ. ಸಾಮಾನು ಅವರದಾ ನಮ್ಮದಾ ಅಂತ ಪ್ರತಿ ಸಾಲಿನಲ್ಲೂ ಬರೆಸಿ. ಟೈಲ್ಸ್, ಬಾತ್‌ರೂಮ್ ಫಿಟ್ಟಿಂಗ್ ಮೈಸೂರಿನಿಂದ ತರಿಸುವುದಾದರೆ ಲಾರಿ ಬಾಡಿಗೆ, ಇಳಿಸುವ ಕೂಲಿ ಬೇರೆ. ಮರದ ಕೆಲಸದಲ್ಲಿ ಕಡಿಮೆ ಅಂಕಿ ಬಂದಿದ್ದರೆ ಯಾವ ಪ್ಲೈವುಡ್ ಅಂತ ಕೇಳಿ. ನೀರಿನ ಹತ್ತಿರ, ಹೊರಗೋಡೆಯ ಹತ್ತಿರ ಐಎಸ್ 710 ಗುರುತಿನ ಮೆರೈನ್ ಪ್ಲೈ ಹಾಕಿಸಿ. ಎಂಡಿಎಫ್, ಪಾರ್ಟಿಕಲ್ ಬೋರ್ಡು ಅಗ್ಗ, ಆದರೆ ನಮ್ಮ ಮಳೆಗೆ ಅಂಚು ಉಬ್ಬುತ್ತದೆ.

ಸಮಯವೂ ಖರ್ಚೇ. ಮಳೆಯಲ್ಲಿ ಪುಟ್ಟಿ ಒಣಗುವುದಿಲ್ಲ, ಹೊರಗಿನ ಬಣ್ಣ ಆಗುವುದೇ ಇಲ್ಲ. ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ ಮರದ ಬಾಗಿಲು ಜುಲೈಯಲ್ಲಿ ಹಿಡಿದುಕೊಳ್ಳುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ಆಗ ಕೂಲಿಗೆ ಆಳು ಸಿಗುವುದು ಕಷ್ಟ. ಉಳಿಯುವುದು ಮಾರ್ಚ್‌ನಿಂದ ಮೇ. ಎಲ್ಲರೂ ಅದೇ ಮೂರು ತಿಂಗಳಿಗೆ ಕಾಯುತ್ತಿರುತ್ತಾರೆ, ಹಾಗಾಗಿ ಮೇಸ್ತ್ರಿಯನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಎರಡು ಫ್ಲ್ಯಾಟ್ ಪಕ್ಕಪಕ್ಕ ಇಟ್ಟು ನೋಡೋಣ

ಈ ಅಂಕಿಗಳು ಉದಾಹರಣೆಗೆ ಮಾತ್ರ. ಪ್ಲ್ಯಾನ್ ಸರಿಯಿಲ್ಲದ ಫ್ಲ್ಯಾಟ್ 48 ಲಕ್ಷ, ಅದಕ್ಕೆ ಆರು ಲಕ್ಷದ ಕೆಲಸ ಇದೆ. ನೇರವಾಗಿ ಹೋಗಿ ಇರಬಹುದಾದ ಇನ್ನೊಂದು 55 ಲಕ್ಷ. ಮೇಲುನೋಟಕ್ಕೆ ಮೊದಲನೆಯದರಲ್ಲಿ ಒಂದು ಲಕ್ಷ ಉಳಿತಾಯ.

ಈಗ ಪೂರ್ತಿ ಲೆಕ್ಕ ಹಾಕಿ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್, ಜೊತೆಗೆ 2025ರ ಆಗಸ್ಟ್ ಕೊನೆಯಿಂದ ಶೇ. 2 ಆಗಿರುವ ನೋಂದಣಿ ಶುಲ್ಕ. ಎಲ್ಲ ಸೇರಿ ಪಟ್ಟಣದಲ್ಲಿ ಶೇ. 7.6 ಆಗುತ್ತದೆ. 48 ಲಕ್ಷಕ್ಕೆ ಸುಮಾರು 3.65 ಲಕ್ಷ, 55 ಲಕ್ಷಕ್ಕೆ 4.18 ಲಕ್ಷ. ಕೆಲಸ ನಡೆಯುವ ಮೂರು ತಿಂಗಳು ಬಾಡಿಗೆ ಮನೆಯಲ್ಲೇ ಇರಬೇಕು, ತಿಂಗಳಿಗೆ 12,000 ಅಂದರೂ 36,000. ಹಳೆಯ ಮನೆ ಒಡೆದಾಗ ಒಳಗಿಂದ ಏನು ಹೊರಬರುತ್ತದೋ ಗೊತ್ತಾಗುವುದಿಲ್ಲ, ಆರು ಲಕ್ಷದ ಕೆಲಸಕ್ಕೆ ಕನಿಷ್ಠ ಒಂದು ಲಕ್ಷ ಬೇರೆ ಎತ್ತಿಡಿ. ಮೊದಲನೆಯದು 59.01 ಲಕ್ಷ, ಎರಡನೆಯದು 59.18 ಲಕ್ಷ. ಉಳಿತಾಯ ಹೆಚ್ಚೂಕಡಿಮೆ ಸೊನ್ನೆ.

ಇಷ್ಟಕ್ಕೇ ಮುಗಿಯಲಿಲ್ಲ. ಸಾಲ ತಗೊಳ್ಳುವವರು ಈ ಭಾಗ ಎರಡು ಸಲ ಓದಿ. ರಿಸರ್ವ್ ಬ್ಯಾಂಕ್ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಮನೆಯ ಬೆಲೆಯ ಶೇ. 80ಕ್ಕಿಂತ ಜಾಸ್ತಿ ಕೊಡುವಂತಿಲ್ಲ, ಇಂಥ ಮನೆಗಳ ಬೆಲೆಯಲ್ಲಿ ನೋಂದಣಿ ಖರ್ಚು ಸೇರಿಸುವಂತೆಯೂ ಇಲ್ಲ. 48 ಲಕ್ಷದ ಫ್ಲ್ಯಾಟಿಗೆ ಸಾಲ 38.4 ಲಕ್ಷ. ಉಳಿದ 9.6, ನೋಂದಣಿ, ಕೆಲಸ, ಎತ್ತಿಟ್ಟದ್ದು, ಬಾಡಿಗೆ ಎಲ್ಲ ಕೈಯಿಂದ: 20.6 ಲಕ್ಷ. 55 ಲಕ್ಷದ ಫ್ಲ್ಯಾಟಿಗೆ ಸಾಲ 44 ಲಕ್ಷ, ಕೈಯಿಂದ 15.2 ಲಕ್ಷ. ಅಂದರೆ 'ಅಗ್ಗದ' ಫ್ಲ್ಯಾಟಿಗೆ ಐದು ಲಕ್ಷಕ್ಕೂ ಜಾಸ್ತಿ ನಗದು ಬೇಕು, ಮೂರು ತಿಂಗಳು ಬಾಡಿಗೆ ಮತ್ತು ಇಎಂಐ ಎರಡೂ ಒಟ್ಟಿಗೆ ಕಟ್ಟಬೇಕು. ನಿಜ, ದುಬಾರಿ ಫ್ಲ್ಯಾಟಿನ ಇಎಂಐ ಜಾಸ್ತಿ. ರಿಪೇರಿಗೆ ಬೇರೆ ಸಾಲವೂ ಸಿಗುತ್ತದೆ. ಆದರೆ ಮಧ್ಯದಲ್ಲಿ ದುಡ್ಡು ನಿಂತು, ಅರ್ಧ ಒಡೆದ ಅಡುಗೆಮನೆಯಲ್ಲಿ ಮಕ್ಕಳನ್ನು ಇಟ್ಟುಕೊಂಡು ಸಂಸಾರ ಮಾಡುವ ಕಷ್ಟ ಯಾರಿಗೂ ಬೇಡ.

ಬೆಲೆ ಮಾತಾಡುವುದು, ಕಾಗದ ನೋಡುವುದು

ನಿಮ್ಮ ಲೆಕ್ಕದ ಹಾಳೆಯನ್ನೇ ಮಾರುವವರ ಮುಂದಿಡಿ. "ಪ್ಲ್ಯಾನ್ ಚೆನ್ನಾಗಿಲ್ಲ" ಅಂದರೆ ಅವರಿಗೆ ಬೇಜಾರಾಗುತ್ತದೆ, ಬೆಲೆಯೂ ಇಳಿಯುವುದಿಲ್ಲ. "ಅಣ್ಣ, ಬಚ್ಚಲ ವಾಟರ್‌ಪ್ರೂಫಿಂಗ್‌ಗೆ ಇಷ್ಟು, ನೆಲಕ್ಕೆ ಇಷ್ಟು, ಇದು ಮೂರು ಜನ ಕೊಟ್ಟ ಕೊಟೇಶನ್" ಅಂದರೆ ಮಾತು ಮುಂದುವರಿಯುತ್ತದೆ. ಸೋರಿಕೆ, ಹಳೆಯ ವೈರಿಂಗ್ ಇಂಥವಕ್ಕೆ ಬೆಲೆ ಇಳಿಸುವಂತೆ ಕೇಳುವುದು ನ್ಯಾಯ. ನಿಮ್ಮ ಇಷ್ಟದ ಮಾಡ್ಯುಲರ್ ಕಿಚನ್ನಿನ ಖರ್ಚನ್ನು ಅವರ ತಲೆಗೆ ಕಟ್ಟಬೇಡಿ.

ಕಾಗದಗಳಲ್ಲಿ ಮಂಜೂರಾದ ನಕ್ಷೆಯನ್ನು ತರಿಸಿಕೊಂಡು ಈಗಿರುವ ಮನೆಗೆ ಹೋಲಿಸಿ. ಹಿಂದಿನವರು ಬಾಲ್ಕನಿ ಮುಚ್ಚಿದ್ದರೆ ಬ್ಯಾಂಕಿನ ವ್ಯಾಲ್ಯುಯರ್ ಅದನ್ನು ಬರೆದೇ ಬರೆಯುತ್ತಾರೆ. ಇ-ಖಾತಾದ ಅಳತೆ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುವ ಇ.ಸಿ. (ಋಣಭಾರ ಪ್ರಮಾಣಪತ್ರ), ಭೂ ಪರಿವರ್ತನೆ ಆದೇಶ ನೋಡಿ. ಜಾಗದ ಮೂಲ ಜಮ್ಮಾ ಅಥವಾ ಬಾಣೆ (ಕೊಡಗಿನ ಹಳೆಯ ಭೂಹಿಡುವಳಿಗಳು) ಆಗಿದ್ದರೆ ಇಲ್ಲಿನ ಕಂದಾಯ ದಾಖಲೆ ಬಲ್ಲ ವಕೀಲರಿಗೇ ತೋರಿಸಿ. ಸಂಘ ಇದ್ದರೆ ಒಳಗಿನ ಕೆಲಸಕ್ಕೆ ಅನುಮತಿ ಪತ್ರ ತಗೊಳ್ಳಿ. ಸಂಘ ಇಲ್ಲದ ಸಣ್ಣ ಕಟ್ಟಡವಾದರೆ ಮೇಲಿನ, ಕೆಳಗಿನ ಮನೆಯವರಿಂದಾದರೂ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಕೀಲಿ ಕೈಗೆ ಬಂದ ಮೇಲೆ

ಮೊದಲು ನೀರು, ಆಮೇಲೆ ಕರೆಂಟು, ಆಮೇಲೆ ಗೋಡೆ ನೆಲ, ಕೊನೆಗೆ ಮರ ಮತ್ತು ಬಣ್ಣ. ದುಡ್ಡು ಕಡಿಮೆ ಬಿದ್ದರೆ ಕೊನೆಯದನ್ನು ಮುಂದಿನ ವರ್ಷಕ್ಕೆ ತಳ್ಳಬಹುದು, ಮೊದಲಿನದನ್ನು ಆಗುವುದಿಲ್ಲ. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಮಾಡಿದ ಮೇಲೆ ಟೈಲ್ಸ್ ಹಾಕುವ ಮೊದಲು ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಮನೆಗೆ ಹೋಗಿ ಸೀಲಿಂಗ್ ನೋಡಿ ಬನ್ನಿ. ಮೇಸ್ತ್ರಿ ಅವಸರ ಮಾಡಿದರೂ ಇದನ್ನು ಬಿಡಬೇಡಿ.

ಪೈಪು, ವೈರು ಮುಚ್ಚುವ ಮೊದಲು ಗೋಡೆಗೆ ಟೇಪು ಹಿಡಿದು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಕಾಣುವ ಹಾಗೆ ಫೋಟೋ ತೆಗೆದಿಡಿ, ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ. ಗುತ್ತಿಗೆದಾರರಿಗೆ ಕೆಲಸದ ಹಂತ ನೋಡಿ ದುಡ್ಡು ಕೊಡಿ, ಶೇ. 10ರಷ್ಟನ್ನು ಒಂದು ಒಳ್ಳೆಯ ಮಳೆ ಕಳೆಯುವವರೆಗೆ ಹಿಡಿದಿಡುವುದಾಗಿ ಮೊದಲೇ ಮಾತಾಡಿಕೊಳ್ಳಿ. ಬಿಲ್ಲುಗಳನ್ನೆಲ್ಲ ಒಂದು ಫೈಲಿಗೆ ಹಾಕಿ. ಮನೆಗೇ ಸೇರಿಹೋಗುವ ಸುಧಾರಣೆ ಕೆಲಸದ ಖರ್ಚನ್ನು ಮುಂದೆ ಮಾರುವಾಗ ಬಂಡವಾಳ ಲಾಭದ ತೆರಿಗೆ ಲೆಕ್ಕದಲ್ಲಿ ಕಳೆಯಲು ಅವಕಾಶವಿದೆ, ಅದಕ್ಕೆ ಜಿಎಸ್‌ಟಿ ಬಿಲ್ಲು ಮತ್ತು ಬ್ಯಾಂಕಿನ ಮೂಲಕ ದುಡ್ಡು ಕೊಟ್ಟ ದಾಖಲೆ ಇದ್ದರೆ ಆಡಿಟರ್ ಕೆಲಸ ಸುಲಭ.